ಆಂಥ್ರನಿಲಿಕ್ ಆಮ್ಲದ ವ್ಯುತ್ಪನ್ನಗಳು

ಬೆಂಜೀನ್ ಉಂಗುರದ ಅಕ್ಕಪಕ್ಕದ ಎರಡು ಕಾರ್ಬನ್‌ಗಳಲ್ಲಿ ಒಂದಕ್ಕೆ ಅಮೈನೋ ಗುಂಪು, ಇನ್ನೊಂದಕ್ಕೆ ಕಾರ್ಬಾಕ್ಸಿಲ್ ಗುಂಪು ಅಂಟಿಕೊಂಡಿರುವ ಸಂಯುಕ್ತ ಆಂಥ್ರನಿಲಿಕ್ ಆಮ್ಲ, ಅಂದರೆ 2-ಅಮೈನೋಬೆಂಜೋಯಿಕ್ ಆಮ್ಲ. ಸುಮಾರು 147 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ನಸುಹಳದಿ ಪುಡಿ ಇದು. 1841ರಲ್ಲಿ ರಸಾಯನಶಾಸ್ತ್ರಜ್ಞ ಫ್ರಿಟ್ಸ್‌ಷೆ ಇಂಡಿಗೊ ಬಣ್ಣವನ್ನು ಕ್ಷಾರದೊಡನೆ ಕಾಯಿಸಿ ಇದನ್ನು ಪಡೆದ. ಹೆಸರಿನ ಮೊದಲ ಭಾಗ ಗ್ರೀಕರ ಕಲ್ಲಿದ್ದಲು. ಉಳಿದ 'ಅನಿಲ್' ಸಂಸ್ಕೃತದಿಂದ ಅರಬ್ಬಿಗೆ, ಅಲ್ಲಿಂದ ಪೋರ್ಚುಗೀಸಿಗೆ ಹೋದ ನಮ್ಮ 'ನೀಲಿ'ಯೇ. ಮುಂದೆ ದಾರಿ ತಿರುಗುಮುರುಗಾಯಿತು. ಜರ್ಮನಿಯ ಬಿಎಎಸ್‌ಎಫ್ ಕಂಪನಿ ಥಾಲಿಮೈಡ್‌ನಿಂದ ಈ ಆಮ್ಲವನ್ನೂ, ಆಮ್ಲದಿಂದ ಇಂಡಿಗೊವನ್ನೂ ತಯಾರಿಸಿ 1897ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಭಾರತದ ನೀಲಿ ಬೆಳೆ ಆ ಪೈಪೋಟಿಯನ್ನು ತಾಳಲಿಲ್ಲ.

ಸಂಶ್ಲೇಷಣೆಯಲ್ಲಿ ಈ ಆಮ್ಲದ ಬೆಲೆಯೆಲ್ಲ ಆ ಎರಡು ಗುಂಪುಗಳ ನೆರೆಹೊರೆಯಲ್ಲಿದೆ. ನಡುವೆ ಒಂದು ಕಾರ್ಬನ್, ಒಂದು ನೈಟ್ರೋಜನ್ ಸೇರಿಸಿದರೆ ಸಾಕು, ಆರು ಪರಮಾಣುಗಳ ಹೊಸ ಉಂಗುರ ಮುಚ್ಚಿಕೊಳ್ಳುತ್ತದೆ. 1895ರಲ್ಲಿ ರಸಾಯನಶಾಸ್ತ್ರಜ್ಞ ನೀಮೆಂಟೊವ್‌ಸ್ಕಿ ತೋರಿಸಿಕೊಟ್ಟ ಕ್ರಿಯೆ ಇದೇ: ಆಮ್ಲವನ್ನು ಫಾರ್ಮಮೈಡ್ ಜೊತೆ ಕಾಯಿಸಿದಾಗ ಎರಡು ನೀರಿನ ಅಣುಗಳು ಹೊರಬಿದ್ದು ಕ್ವಿನಜೋಲಿನೋನ್ ಉಳಿಯುತ್ತದೆ. ಇಷ್ಟು ಸರಳವಾದ ಕ್ರಿಯೆ ಇಷ್ಟು ದೂರ ಕೈಚಾಚಿದ್ದು ಅಪರೂಪ. ಶ್ವಾಸಕೋಶದ ಕ್ಯಾನ್ಸರ್‌ಗೆ ಕೊಡುವ ಗೆಫಿಟಿನಿಬ್, ಎರ್ಲೊಟಿನಿಬ್‌ಗಳ ಕ್ವಿನಜೋಲಿನ್ ಚೌಕಟ್ಟನ್ನು ಈ ಆಮ್ಲದ ವ್ಯುತ್ಪನ್ನಗಳಿಂದ ಕಟ್ಟಬಹುದು. ಕೆಮ್ಮಿಗೆ ನಮ್ಮ ಹಿರಿಯರು ಕಷಾಯ ಮಾಡುತ್ತಿದ್ದ ಆಡುಸೋಗೆಯ ವ್ಯಾಸಿಸಿನ್‌ನಲ್ಲೂ ಇರುವುದು ಕ್ವಿನಜೋಲಿನ್ ಚೌಕಟ್ಟೇ. ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ರೂಪುಗೊಂಡದ್ದು ಆ ಅಣುವನ್ನು ಮಾದರಿಯಾಗಿಟ್ಟುಕೊಂಡು.

ಕಾಲೇಜು ಪ್ರಯೋಗಾಲಯದಲ್ಲಿ ಈ ಆಮ್ಲದ ಪರಿಚಯವಾಗುವುದು ಬಣ್ಣದ ಮೂಲಕ. ಮಂಜುಗಡ್ಡೆಯಲ್ಲಿಟ್ಟ ಬೀಕರಿನಲ್ಲಿ ಸೋಡಿಯಂ ನೈಟ್ರೈಟ್ ಹಾಗೂ ಹೈಡ್ರೊಕ್ಲೋರಿಕ್ ಆಮ್ಲದಿಂದ ಡಯಜೋಟೀಕರಿಸಿ, ಡೈಮೀಥೈಲ್ ಅನಿಲೀನ್ ಬೆರೆಸಿದರೆ ಕೆಂಪು ಮೂಡುತ್ತದೆ. ಅದೇ ಮೀಥೈಲ್ ರೆಡ್ ಸೂಚಕ. ಇದೇ ಡಯಜೋನಿಯಂ ಲವಣ ನೈಟ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಕಳೆದುಕೊಂಡರೆ ಕ್ಷಣಕಾಲ ಬದುಕುವ ಬೆಂಜೈನ್ ಹುಟ್ಟುತ್ತದೆ. ಅದನ್ನು ಆಂಥ್ರಸೀನ್ ಹಿಡಿದುಕೊಂಡಾಗ ಟ್ರಿಪ್ಟಿಸೀನ್ ಸಿಗುತ್ತದೆ. ಒಣಗಿದ ಲವಣ ಸಿಡಿಯುವ ವಸ್ತು, ಅದನ್ನು ಸೋಸಿ ಒಣಗಲು ಬಿಡಲೇಬಾರದು.

ಔಷಧಗಳಲ್ಲಿ ಮನೆಮಾತಾದದ್ದು ಫೆನಮೇಟ್ ಬಳಗ. ಮುಟ್ಟಿನ ಹೊಟ್ಟೆನೋವಿಗೆ ನುಂಗುವ ಮೆಫೆನಮಿಕ್ ಆಮ್ಲದಲ್ಲಿ ಅಮೈನೋ ಗುಂಪಿನ ಮೇಲೆ ಇನ್ನೊಂದು ಬೆಂಜೀನ್ ಉಂಗುರ ಕೂತಿದೆ. ಕಾರ್ಖಾನೆಯಲ್ಲಿ ಅದನ್ನು 2-ಕ್ಲೋರೋಬೆಂಜೋಯಿಕ್ ಆಮ್ಲಕ್ಕೆ ಜೈಲಿಡೀನ್ ಜೋಡಿಸಿ, ತಾಮ್ರದ ವೇಗವರ್ಧಕದಿಂದ ತಯಾರಿಸುತ್ತಾರೆ. ಹೀಗೆ ಮೂಲ ಆಮ್ಲವನ್ನು ಮುಟ್ಟದೆಯೇ ಅದರ ಚೌಕಟ್ಟು ಸಿದ್ಧವಾಗುತ್ತದೆ. ಈ ಬಳಗದ ಟಾಲ್‌ಫೆನಮಿಕ್ ಆಮ್ಲದ ಬಗ್ಗೆ ನಾವು ವಿಶೇಷ ಆಸ್ಥೆ ವಹಿಸಬೇಕು. ಡೈಕ್ಲೊಫೆನಾಕ್ ಎಂಬ ನೋವುನಿವಾರಕ ಕೊಟ್ಟ ದನಗಳ ಹೆಣ ತಿಂದು ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಭಾರತದಲ್ಲಿ ಪಶುಚಿಕಿತ್ಸೆಗೆ ಆ ಔಷಧ 2006ರಲ್ಲಿ ನಿಷೇಧವಾಯಿತು. ಟಾಲ್‌ಫೆನಮಿಕ್ ಆಮ್ಲ ರಣಹದ್ದುಗಳಿಗೆ ಹಾನಿ ಮಾಡುವುದಿಲ್ಲವೆಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಹಕ್ಕಿಗಳ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ.

ಮೈಯಲ್ಲಿ ತುಂಬಿದ ನೀರನ್ನು ಇಳಿಸುವ ಫ್ಯೂರೊಸಮೈಡ್, ಅಲರ್ಜಿಗೆ ಜಪಾನಿನಲ್ಲಿ ಬಂದ ಟ್ರಾನಿಲಾಸ್ಟ್ ಕೂಡ ಆಂಥ್ರನಿಲಿಕ್ ಆಮ್ಲದ ವ್ಯುತ್ಪನ್ನಗಳು.

1951ರಲ್ಲಿ ಭಾರತದ ರಸಾಯನಶಾಸ್ತ್ರಜ್ಞರಾದ ಕಕ್ಕರ್ ಮತ್ತು ಜಹೀರ್ ಮಲೇರಿಯಾಕ್ಕೆ ಮದ್ದು ಹುಡುಕುತ್ತ ಕ್ವಿನಜೋಲಿನೋನ್ ಬಳಗದ ಮೆಥಾಕ್ವಲೋನ್ ತಯಾರಿಸಿದರು. ಅದು ನಿದ್ರೆ ತರಿಸುವ ಮಾತ್ರೆಯಾಗಿ ಪ್ರಸಿದ್ಧವಾಯಿತು, ಬಳಿಕ ಮ್ಯಾಂಡ್ರಾಕ್ಸ್ ಹೆಸರಿನಲ್ಲಿ ಮಾದಕವಸ್ತುವಾಯಿತು. ಅದಕ್ಕೆ ಕಚ್ಚಾವಸ್ತುವೆಂಬ ಕಾರಣದಿಂದ ಆಂಥ್ರನಿಲಿಕ್ ಆಮ್ಲ ಮತ್ತು ಎನ್-ಅಸಿಟೈಲ್ ಆಂಥ್ರನಿಲಿಕ್ ಆಮ್ಲ ಎರಡೂ ಮಾದಕವಸ್ತುಗಳ ಕುರಿತ ವಿಶ್ವಸಂಸ್ಥೆಯ 1988ರ ಒಪ್ಪಂದದ ನಿಯಂತ್ರಿತ ವಸ್ತುಗಳ ಪಟ್ಟಿಗಳಲ್ಲಿವೆ.