ಗಾಳಿಗಿಲ್ಲದ ಬೀಗ ಜಾಲಕ್ಕೆ ಬಿದ್ದ ಬಗೆ

1922ರಲ್ಲಿ ಬ್ರಿಟನ್ನಿನಲ್ಲಿ ಬಾನುಲಿ ಪ್ರಸಾರ ಶುರುವಾದಾಗ, ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳುವವರು ಅಂಚೆ ಕಚೇರಿಗೆ ವರ್ಷಕ್ಕೆ 10 ಶಿಲಿಂಗ್ ಕಟ್ಟಬೇಕಿತ್ತು. ಬಿಬಿಸಿ ಬೆಳೆದದ್ದು ಈ ಹಣದ ಮೇಲೆಯೇ. 1946ರಲ್ಲಿ ಟೀವಿಗೆ 2 ಪೌಂಡಿನ ಲೈಸೆನ್ಸ್ ಬಂತು, 1968ರಲ್ಲಿ ಬಣ್ಣದ ಟೀವಿಗೆ ಬೇರೆ ದರ ಗೊತ್ತಾಯಿತು, 1971ರಲ್ಲಿ ಬರೀ ರೇಡಿಯೊದ ಲೈಸೆನ್ಸ್ ರದ್ದಾಯಿತು. ಇಷ್ಟೆಲ್ಲ ಬದಲಾದರೂ ದುಡ್ಡು ಕಟ್ಟದವನ ಮನೆಯ ಆಂಟೆನಾಕ್ಕೂ ತರಂಗ ತಲುಪುತ್ತಲೇ ಇತ್ತು. ಕದ್ದು ನೋಡುವವರನ್ನು ಹಿಡಿಯಲು ತಪಾಸಣೆಯ ವ್ಯಾನುಗಳು ಬೀದಿ ಸುತ್ತುತ್ತಿದ್ದವು. ಕಾರ್ಯಕ್ರಮಕ್ಕೆ ಮಾತ್ರ ಯಾರೂ ಬೀಗ ಹಾಕಿರಲಿಲ್ಲ. ನಮ್ಮಲ್ಲೂ ಇದೇ ಪದ್ಧತಿ ಇತ್ತು. ರೇಡಿಯೊ ಲೈಸೆನ್ಸಿನ ಪುಸ್ತಕ ಹಿಡಿದು ಅಂಚೆ ಕಚೇರಿಯಲ್ಲಿ ಸಾಲು ನಿಂತ ಹಿರಿಯರು ಇನ್ನೂ ಎಷ್ಟೋ ಮನೆಗಳಲ್ಲಿದ್ದಾರೆ.

ಬೀಗ ಬಂದದ್ದು ಇಂಟರ್ನೆಟ್ಟಿನ ಜೊತೆ. ಶುಲ್ಕ ಕಟ್ಟದವರನ್ನು ಹೊರಗಿಡಲು ಬಂತೆಂದು ಯಾರಿಗಾದರೂ ಅನ್ನಿಸೀತು. ಬಿಬಿಸಿಯ ಇತಿಹಾಸ ನೋಡಿದರೆ ಅದಕ್ಕೂ ಶುಲ್ಕಕ್ಕೂ ಹೆಚ್ಚಿನ ಸಂಬಂಧವೇ ಇಲ್ಲ. ಅಷ್ಟೇ ಕುತೂಹಲದ ಇನ್ನೊಂದು ಸಂಗತಿಯಿದೆ. ಬೀಗ ಜಡಿದ ಸಂಸ್ಥೆಯ ಇನ್ನೊಂದು ಕೋಣೆಯಲ್ಲೇ, ಅದೇ ವರ್ಷಗಳಲ್ಲಿ, ವೆಬ್ಬನ್ನು ಆದಷ್ಟು ತೆರೆದಿಡುವ ಕೆಲಸವೂ ನಡೆದಿತ್ತು.

ತೆರೆದಿಡುವ ಈ ಚಾಳಿ ವೆಬ್ಬಿಗಿಂತ ಹಳೆಯದು. 1974ರಲ್ಲಿ ಶುರುವಾದ ಬಿಬಿಸಿಯ ಸೀಫ್ಯಾಕ್ಸ್, ಟೀವಿ ಸಂಕೇತದಲ್ಲಿ ಖಾಲಿ ಉಳಿಯುವ ಗೆರೆಗಳೊಳಗೆ ಅಕ್ಷರ ತುಂಬಿ ಸುದ್ದಿ, ಹವಾಮಾನ, ರೈಲಿನ ಮಾಹಿತಿಗಳನ್ನು ಪರದೆಗೆ ತರುತ್ತಿತ್ತು. 1981ರಲ್ಲಿ ಜನರಿಗೆ ಕಂಪ್ಯೂಟರ್ ಕಲಿಸಲು ಹೊರಟ ಬಿಬಿಸಿ, ಏಕಾರ್ನ್ ಕಂಪನಿಯಿಂದ ‘ಬಿಬಿಸಿ ಮೈಕ್ರೊ’ ಎಂಬ ಯಂತ್ರ ಮಾಡಿಸಿತು. ಮುಂದೆ ಆ ಯಂತ್ರಕ್ಕೆ ಬೇಕಾದ ಪ್ರೋಗ್ರಾಮ್‌ಗಳನ್ನೂ ಸೀಫ್ಯಾಕ್ಸಿನ ಪುಟಗಳಲ್ಲೇ ಗಾಳಿಗೆ ಬಿಟ್ಟರು. ಮನೆಯಲ್ಲಿ ಕೂತು ಆಂಟೆನಾ ಮೂಲಕ ತಂತ್ರಾಂಶ ಇಳಿಸಿಕೊಳ್ಳುವುದು ಆಗಲೇ ಸಾಧ್ಯವಿತ್ತು. ಇಂದು ನಮ್ಮ ಮೊಬೈಲುಗಳಲ್ಲಿ ಕೂತಿರುವ ಆರ್ಮ್ ಚಿಪ್ಪಿನ ವಂಶಾವಳಿ ಹಿಡಿದು ಹಿಂದೆ ಹೋದರೆ ಸಿಗುವುದೂ ಇದೇ ಏಕಾರ್ನ್.

1997ರ ಕೊನೆಗೆ ಬಿಬಿಸಿಯ ಸುದ್ದಿತಾಣ ಬಂತು. ಬಂದ ಕೂಡಲೇ ಪತ್ರಿಕೆಗಳವರ ಗೊಣಗಾಟವೂ ಶುರು: ಜನರ ಶುಲ್ಕದ ಹಣದಲ್ಲಿ ಪುಕ್ಕಟೆ ಸುದ್ದಿ ಹಂಚಿದರೆ ನಾವು ಬದುಕುವುದು ಹೇಗೆ? ಈ ಪ್ರಶ್ನೆ ಇಂದಿಗೂ ತೀರಿಲ್ಲ. ಇಂಥ ದೂರುಗಳ ನಡುವೆ 2004ರಲ್ಲಿ ಫಿಲಿಪ್ ಗ್ರಾಫ್ ಎಂಬವರು ಸರ್ಕಾರಕ್ಕಾಗಿ ಬಿಬಿಸಿಯ ಜಾಲತಾಣಗಳ ಪರಿಶೀಲನೆ ನಡೆಸಿದರು. ಶಾಲಾ ಮಕ್ಕಳಿಗಾಗಿ 15 ಕೋಟಿ ಪೌಂಡಿನ ಯೋಜನೆಯಾಗಿ ಹೊರಟ ‘ಬಿಬಿಸಿ ಜ್ಯಾಮ್’, ಖಾಸಗಿ ಪಠ್ಯಸಾಮಗ್ರಿ ತಯಾರಕರ ದೂರಿನಿಂದಾಗಿ 2007ರಲ್ಲಿ ನಿಂತೇ ಹೋಯಿತು. ವಾಣಿಜ್ಯ ಕಂಪನಿಗಳ ಕಾಲ ಮೇಲೆ ಬಿಬಿಸಿ ಕಾಲಿಡಬಾರದೆಂಬ ನಿಯಮ ಪಠ್ಯಕ್ಕೂ ಸುದ್ದಿಗೂ ಅನ್ವಯಿಸುತ್ತಿದ್ದಾಗ, ಇನ್ನು ವಿಡಿಯೊ ಬಿಡುತ್ತಾರೆಯೇ?

ಅದಕ್ಕೂ ಮುಂಚೆ ಒಂದು ಕನಸು ಬಿದ್ದಿತ್ತು. 2003ರ ಎಡಿನ್‌ಬರೊ ಟೀವಿ ಉತ್ಸವದಲ್ಲಿ ಆಗಿನ ಮಹಾನಿರ್ದೇಶಕ ಗ್ರೆಗ್ ಡೈಕ್, ಬಿಬಿಸಿಯ ಸಂಗ್ರಹವನ್ನು ಜನರಿಗೆ ತೆರೆಯುವುದಾಗಿ ಸಾರಿದರು. ತುಣುಕುಗಳನ್ನು ಇಳಿಸಿಕೊಳ್ಳಿ, ಕತ್ತರಿಸಿ ಅಂಟಿಸಿ, ಹಂಚಿಕೊಳ್ಳಿ. ವ್ಯಾಪಾರ ಮಾತ್ರ ಮಾಡಬೇಡಿ. 2005ರಲ್ಲಿ ‘ಕ್ರಿಯೇಟಿವ್ ಆರ್ಕೈವ್’ ಹೆಸರಿನಲ್ಲಿ ಇದರ ಪ್ರಯೋಗ ನಡೆಯಿತು, 2006ರಲ್ಲಿ ಮುಗಿಯಿತು, ಮತ್ತೆ ಏಳಲಿಲ್ಲ. ಟೀವಿ ಕಾರ್ಯಕ್ರಮವೊಂದರಲ್ಲಿ ಬರೆದವರು, ನಟಿಸಿದವರು, ಸಂಗೀತ ಕೊಟ್ಟವರು, ಹೊರಗಿನ ನಿರ್ಮಾಪಕರು ಎಂದು ಹತ್ತಾರು ಜನರ ಹಕ್ಕು ಹೆಣೆದುಕೊಂಡಿರುತ್ತದೆ. ಶುಲ್ಕ ಕಟ್ಟಿದವರು ಜನ, ನಿಜ. ಆದರೆ ಕೊಂಡದ್ದು ಪ್ರಸಾರದ ಹಕ್ಕನ್ನೇ ಹೊರತು ಕಾರ್ಯಕ್ರಮವನ್ನಲ್ಲ. ಈ ಗಂಟು ಬಿಚ್ಚದೆ ಸಂಗ್ರಹದ ಬಾಗಿಲು ತೆರೆಯುವಂತಿರಲಿಲ್ಲ.

ಬಿಬಿಸಿಯ ಕಾರ್ಯಕ್ರಮಗಳನ್ನು ಜಾಲದಲ್ಲಿ ನೋಡುವ ಸೇವೆಯಾದ ಐಪ್ಲೇಯರ್ ಹುಟ್ಟಿದ್ದು ಈ ಗಂಟಿನೊಳಗೇ. 2007ರ ಜುಲೈ 27ಕ್ಕೆ ಹೊರಬಂದ ಅದರ ಪ್ರಯೋಗ ರೂಪ ವಿಂಡೋಸ್ ಎಕ್ಸ್‌ಪಿ ಇದ್ದವರಿಗೆ ಮಾತ್ರ. ಮ್ಯಾಕ್ ಇಲ್ಲ, ಲಿನಕ್ಸ್ ಇಲ್ಲ, ಆಗಷ್ಟೇ ಬಂದಿದ್ದ ವಿಂಡೋಸ್ ವಿಸ್ತಾ ಕೂಡ ಇಲ್ಲ. ಕಾರಣ ಮೈಕ್ರೋಸಾಫ್ಟಿನ ಡಿಆರ್‌ಎಂ, ಅಂದರೆ ಡಿಜಿಟಲ್ ಹಕ್ಕು ನಿರ್ವಹಣೆಯ ತಂತ್ರ. ಇಳಿಸಿಕೊಂಡ ಕಡತ ಗೂಢಲಿಪಿಯಲ್ಲಿರುತ್ತದೆ. ಅದನ್ನು ಬಿಡಿಸುವ ಕೀಲಿ ಬೇರೊಂದು ಸರ್ವರಿನಿಂದ ಬರುತ್ತದೆ, ಜೊತೆಗೆ ಷರತ್ತುಗಳನ್ನೂ ಹೊತ್ತು ತರುತ್ತದೆ. 30 ದಿನದೊಳಗೆ ನೋಡಲು ಶುರು ಮಾಡಬೇಕು, ಶುರು ಮಾಡಿದ 7 ದಿನದೊಳಗೆ ಮುಗಿಸಬೇಕು. ಗಡುವು ದಾಟಿದರೆ ಕೀಲಿ ಸತ್ತಂತೆ. ಕಾರ್ಯಕ್ರಮ ಹಂಚಲು ಬಳಸಿದ ಕಾಂಟಿಕಿ ತಂತ್ರವಂತೂ ನೋಡುಗರ ಕಂಪ್ಯೂಟರಿನಿಂದಲೇ ತುಣುಕುಗಳನ್ನು ಬೇರೆ ನೋಡುಗರಿಗೆ ಕಳಿಸುತ್ತಿತ್ತು. ನೀವು ನೋಡದಿದ್ದಾಗಲೂ ನಿಮ್ಮ ಬ್ರಾಡ್‌ಬ್ಯಾಂಡ್ ಬಿಬಿಸಿಗಾಗಿ ದುಡಿಯುತ್ತಿತ್ತು. ಡೇಟಾಕ್ಕೆ ಮಿತಿಯಿದ್ದವರು ಬೈದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಜನರ ಹಣದ ಸೇವೆ ಒಂದೇ ಕಂಪನಿಯ ಗಿರಾಕಿಗಳಿಗೇಕೆ? ಪ್ರಧಾನಿ ಕಚೇರಿಯ ಜಾಲತಾಣದಲ್ಲಿ ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಮುಕ್ತ ತಂತ್ರಾಂಶದ ಚಳವಳಿಗಾರರು ಆಗಸ್ಟಿನಲ್ಲಿ ಬಿಬಿಸಿ ಕಚೇರಿಗಳ ಮುಂದೆ ಪ್ರತಿಭಟಿಸಿದರು. ಆಗ ಬಿಬಿಸಿಯ ಮೇಲ್ವಿಚಾರಣೆ ನೋಡುತ್ತಿದ್ದ ಬಿಬಿಸಿ ಟ್ರಸ್ಟ್ ಕೂಡ, ಎಲ್ಲ ಬಗೆಯ ಯಂತ್ರಗಳಿಗೂ ಸೇವೆ ಸಿಗಬೇಕು, ಆರಾರು ತಿಂಗಳಿಗೆ ಅದರ ತಪಾಸಣೆ ನಡೆಯಬೇಕು ಎಂದು ಮೊದಲೇ ಷರತ್ತು ಹಾಕಿತ್ತು. ಡಿಸೆಂಬರಿನಲ್ಲಿ ಫ್ಲ್ಯಾಶ್ ಮೂಲಕ ಬ್ರೌಸರಿನಲ್ಲೇ ನೋಡುವ ವ್ಯವಸ್ಥೆ ಬಂತು. ಮ್ಯಾಕ್, ಲಿನಕ್ಸಿನವರೂ ಒಳಗೆ ಬಂದರು. ಜನ ಮುಗಿಬಿದ್ದದ್ದು ಇದಕ್ಕೇ.

2008ರ ಮಾರ್ಚಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ್ದು. ಐಫೋನಿನಲ್ಲಿ ಫ್ಲ್ಯಾಶೂ ಓಡದು, ವಿಂಡೋಸ್ ಬೀಗವೂ ತೆರೆಯದು. ಹಾಗಾಗಿ ಬಿಬಿಸಿ ಅದಕ್ಕಾಗಿ ಬೀಗವೇ ಇಲ್ಲದ ಸಾದಾ ಎಂಪಿ4 ಕಡತಗಳನ್ನು ಇಟ್ಟಿತು. ಯಾವ ಬ್ರೌಸರ್ ಆದರೂ ಪುಟ ಕೇಳುವಾಗ ‘ನಾನು ಇಂಥವನು’ ಎಂದು ಒಂದು ಸಾಲಿನ ಪರಿಚಯ ಹೇಳಿಕೊಳ್ಳುತ್ತದೆ. ಸರ್ವರ್ ಆ ಪರಿಚಯವನ್ನು ನಂಬಿ ಕಡತ ಕೊಡುತ್ತಿತ್ತು. ಫೈರ್‌ಫಾಕ್ಸಿನಲ್ಲಿ ಆ ಒಂದು ಸಾಲು ಬದಲಿಸಿ ‘ನಾನು ಐಫೋನು’ ಎಂದರೆ ಸಾಕು, ಅವಧಿಯ ಗಡುವಿಲ್ಲದ, ಎಲ್ಲಿ ಬೇಕಾದರೂ ಓಡುವ ಕಡತ ಕೈಗೆ ಬರುತ್ತಿತ್ತು. ಬಿಬಿಸಿ ಕಿಂಡಿ ಮುಚ್ಚಿತು. ಕೆಲವೇ ದಿನಗಳಲ್ಲಿ ಇನ್ನೊಂದು ಕಿಂಡಿ ತೆರೆಯಿತು. ಇತ್ತ ಅದೇ ಕಾರ್ಯಕ್ರಮ ಫ್ರೀವ್ಯೂ ಎಂಬ ಉಚಿತ ಟೀವಿ ಸೇವೆಯಲ್ಲಿ ಆಂಟೆನಾ ಮೂಲಕ ಯಾವ ಗೂಢಲಿಪಿಯೂ ಇಲ್ಲದೆ ಬರುತ್ತಿತ್ತು, ರೆಕಾರ್ಡರ್ ಇದ್ದವರು ಬೇಕಾದಷ್ಟು ದಿನ ಇಟ್ಟುಕೊಳ್ಳುತ್ತಿದ್ದರು. ಹಾಗಾದರೆ ಬೀಗ ಯಾರನ್ನು ತಡೆಯಿತು? ನಕಲು ಮಾಡುವವರನ್ನಂತೂ ತಡೆಯಲಿಲ್ಲ. ಬಿಬಿಸಿಯ ಅನುಮತಿ ಇಲ್ಲದೆ ತಮ್ಮದೇ ಪ್ಲೇಯರ್ ಬರೆಯಬೇಕೆಂದವರನ್ನು ತಡೆಯಿತು.

ಎಚ್‌ಡಿ ಪ್ರಸಾರ ಶುರುವಾಗುವ ಹೊತ್ತಿಗೆ ಗಾಳಿಗೂ ಬೀಗ ಹಾಕುವ ಯತ್ನ ನಡೆಯಿತು. ಉಚಿತ ಪ್ರಸಾರದ ಚಿತ್ರವನ್ನು ಗೂಢಲಿಪಿಗೆ ಇಳಿಸಿದರೆ ಗದ್ದಲವಾದೀತೆಂದು ಹೊಸ ಉಪಾಯ ಹುಡುಕಿದರು. ಯಾವ ಚಾನೆಲಿನಲ್ಲಿ ಏನಿದೆ ಎಂದು ಪೆಟ್ಟಿಗೆಗೆ ತಿಳಿಸುವ ಮಾಹಿತಿಯನ್ನಷ್ಟೇ ಅಡಕಗೊಳಿಸಿ, ಅದನ್ನು ಬಿಡಿಸುವ ಕೋಷ್ಟಕವನ್ನು, ನಕಲು ತಡೆಯುವುದಾಗಿ ಒಪ್ಪಿ ಸಹಿ ಹಾಕಿದ ತಯಾರಕರಿಗೆ ಮಾತ್ರ ಕೊಡುವುದು. ಲೇಖಕ ಕೋರಿ ಡಾಕ್ಟರೋ ಮೊದಲಾದವರು ಇದನ್ನು ಬಲವಾಗಿ ಟೀಕಿಸಿದರೂ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2010ರಲ್ಲಿ ಒಪ್ಪಿಗೆ ಕೊಟ್ಟಿತು.

ಈಗ ಆ ಇನ್ನೊಂದು ಕೋಣೆಗೆ ಬರೋಣ. ಐಪ್ಲೇಯರ್ ಬಂದ 2007ರಲ್ಲೇ ಬಿಬಿಸಿಯ ಬೇರೊಂದು ತಂಡ ಪ್ರತಿ ಕಾರ್ಯಕ್ರಮಕ್ಕೂ, ಪ್ರತಿ ಕಂತಿಗೂ ಒಂದು ಶಾಶ್ವತ ಪುಟ ಕೊಡುವ ಕೆಲಸಕ್ಕೆ ಕೈಹಾಕಿತು. ವಿಳಾಸದಲ್ಲಿ ಚಾನೆಲಿನ ಹೆಸರಿಲ್ಲ, ತೇದಿಯಿಲ್ಲ, ಬರೀ ಒಂದು ಗುರುತು. ಏಕೆಂದರೆ ಚಾನೆಲು ಬದಲಾದೀತು, ವೇಳೆ ಬದಲಾದೀತು, ಕಾರ್ಯಕ್ರಮ ಅದೇ ಇರುತ್ತದೆ. ‘ಈಸ್ಟ್‌ಎಂಡರ್ಸ್’ ಧಾರಾವಾಹಿಯ ಗುರುತು ಬಿ006ಎಂ86ಡಿ, ಇಂದಿಗೂ ಅದೇ. ಸರ್ವರುಗಳಲ್ಲಿ ಪರ್ಲ್ ಭಾಷೆ ಬಿಟ್ಟು ಬೇರೆ ಓಡಿಸುವಂತಿಲ್ಲ ಎಂಬ ಕಟ್ಟುಪಾಡು ಇದ್ದುದರಿಂದ, ವೆಬ್ ತಾಣ ಕಟ್ಟಲು ಬಳಸುವ ರೂಬಿ ಆನ್ ರೈಲ್ಸ್‌ನಂಥ ಚೌಕಟ್ಟನ್ನು ತಾವೇ ಪರ್ಲ್‌ನಲ್ಲಿ ಬರೆದುಕೊಂಡರು. ಹೊರಗಿನ ಡೆವಲಪರ್‌ಗಳು ನಕ್ಕರು. ಕೆಲಸ ಮಾತ್ರ ನಿಲ್ಲಲಿಲ್ಲ. ಸಂಗೀತದ ಪುಟಗಳಿಗೆ, ಸ್ವಯಂಸೇವಕರು ಕಟ್ಟಿದ ಮ್ಯೂಸಿಕ್‌ಬ್ರೈನ್ಸ್ ಎಂಬ ಮುಕ್ತ ಕೋಶದ ಗುರುತುಗಳನ್ನೇ ಬಳಸಿದರು. ವನ್ಯಜೀವಿಗಳ ಪುಟಗಳಿಗೆ ವಿಕಿಪೀಡಿಯದ ಪಠ್ಯ ತಂದರು. ತಪ್ಪು ಕಂಡರೆ ವಿಕಿಪೀಡಿಯದಲ್ಲೇ ತಿದ್ದುವುದು ಅಲ್ಲಿನ ರೂಢಿಯಾಯಿತು. 2010ರ ಫುಟ್‌ಬಾಲ್ ವಿಶ್ವಕಪ್ಪಿನ ತಾಣದಲ್ಲಿ ಆಟಗಾರ, ತಂಡ, ಗುಂಪುಗಳ ಪುಟಗಳೆಲ್ಲ ಸುದ್ದಿಗೆ ಅಂಟಿಸಿದ ಗುರುತುಗಳಿಂದ ತಾವಾಗಿಯೇ ಹೆಣೆದುಕೊಂಡವು. 2012ರ ಲಂಡನ್ ಒಲಿಂಪಿಕ್ಸಿಗೆ ಅದೇ ಬುನಾದಿಯ ಮೇಲೆ ಪ್ರತಿ ಕ್ರೀಡಾಪಟುವಿಗೂ ಪುಟ, ಜೊತೆಗೆ ಏಕಕಾಲಕ್ಕೆ 24 ನೇರ ಪ್ರಸಾರಗಳು.

ಸುದ್ದಿತಾಣದವರು 2012ರ ಸುಮಾರಿಗೆ ಕಂಡುಕೊಂಡ ಒಂದು ಚಿಕ್ಕ ಯುಕ್ತಿ ವೆಬ್ ಡೆವಲಪರ್‌ಗಳ ನಡುವೆ ಬಲು ಬೇಗ ಹರಡಿತು. ಪುಟ ತೆರೆದ ಕೂಡಲೇ ಬ್ರೌಸರಿಗೆ ಮೂರು ಪ್ರಶ್ನೆ: ಪುಟದ ಭಾಗಗಳನ್ನು ಹೆಸರು ಹಿಡಿದು ಹುಡುಕಬಲ್ಲೆಯಾ, ಮಾಹಿತಿಯನ್ನು ನಿನ್ನಲ್ಲೇ ಉಳಿಸಿಕೊಳ್ಳಬಲ್ಲೆಯಾ, ಒತ್ತಿದ್ದು ಮುಟ್ಟಿದ್ದನ್ನು ಹೊಸ ರೀತಿಯಲ್ಲಿ ಗಮನಿಸಬಲ್ಲೆಯಾ? ಮೂರಕ್ಕೂ ಹೌದೆಂದರೆ ಮೆರುಗಿನ ಪುಟ. ಇಲ್ಲದಿದ್ದರೆ ಸಾದಾ ಪುಟ, ಆದರೆ ಸುದ್ದಿ ಪೂರ್ತಿ. ಹಳೆಯ ಫೋನಿನವನನ್ನು ಬಾಗಿಲಲ್ಲೇ ನಿಲ್ಲಿಸುವ ಮಾತಿಲ್ಲ. ಐಪ್ಲೇಯರಿನ ಮೊದಲ ದಿನದ ‘ಎಕ್ಸ್‌ಪಿ ಇದ್ದವರಿಗೆ ಮಾತ್ರ’ ಎಂಬ ಫಲಕದ ಪಕ್ಕ ಇದನ್ನಿಟ್ಟು ನೋಡಿದರೆ ಎರಡೂ ಒಂದೇ ಸಂಸ್ಥೆಯದೆಂದು ನಂಬುವುದು ಕಷ್ಟ. ಬಿಬಿಸಿ ವರ್ಲ್ಡ್ ಸರ್ವಿಸಿನ ಭಾಷಾ ತಾಣಗಳನ್ನು ನಡೆಸುವ ‘ಸಿಮೊರ್ಗ್’ ತಂತ್ರಾಂಶದ ಮೂಲಸಾಲುಗಳನ್ನೂ ಗಿಟ್‌ಹಬ್ಬಿನಲ್ಲಿ ಎಲ್ಲರೂ ನೋಡಬಹುದು. ಹಿಂದಿ, ತಮಿಳು, 2017ರ ವಿಸ್ತರಣೆಯಲ್ಲಿ ಸೇರಿದ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಎಲ್ಲವೂ ಅದರಲ್ಲಿವೆ. ಆ ವಿಸ್ತರಣೆಯಲ್ಲಿ ಕನ್ನಡಕ್ಕೆ ಜಾಗ ಸಿಗಲಿಲ್ಲ. ತಾಂತ್ರಿಕ ತೊಡಕಂತೂ ಕಾರಣವಿರಲಾರದು. ತೆಲುಗಿಗೆ ಆದದ್ದು ಕನ್ನಡಕ್ಕೂ ಆಗುತ್ತಿತ್ತು.

ಇತ್ತ ಬೀಗಗಳ ಗತಿ ಏನಾಯಿತು? ಕಾಂಟಿಕಿ 2008ರ ಕೊನೆಗೆ ಹೋಯಿತು, ಅದರ ಜಾಗಕ್ಕೆ ಅಡೋಬಿ ಏರ್ ಬಂದು ಅದೂ ಹೋಯಿತು, ಫ್ಲ್ಯಾಶ್ 2020ರಲ್ಲಿ ಕಣ್ಮುಚ್ಚಿತು. ಅಷ್ಟರಲ್ಲಿ ಬೀಗ ಬ್ರೌಸರಿನ ಒಳಕ್ಕೇ ನುಗ್ಗಿತ್ತು. 2012ರಲ್ಲಿ ಗೂಗಲ್, ಮೈಕ್ರೋಸಾಫ್ಟ್, ನೆಟ್‌ಫ್ಲಿಕ್ಸ್ ಸೇರಿ, ಬ್ರೌಸರ್ ಮತ್ತು ಡಿಆರ್‌ಎಂ ಮಾತಾಡಿಕೊಳ್ಳಲು ಒಂದು ಮಾನಕ ಬೇಕೆಂದು, ವೆಬ್ಬಿನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಮುಂದೆ ಪ್ರಸ್ತಾವ ಇಟ್ಟವು. ಅದೇ ಇಎಂಇ. ಮಾತುಕತೆಯ ವಿಧಾನ ಬಹಿರಂಗ, ಕೀಲಿ ಬಿಡಿಸುವ ಭಾಗ ಮಾತ್ರ ಮುಚ್ಚಿದ ಪೆಟ್ಟಿಗೆ. ವೆಬ್ಬಿನ ಜನಕ ಟಿಮ್ ಬರ್ನರ್ಸ್ ಲೀ, ಬೇಡವೆಂದರೆ ಜನ ಬೇರೆ ಬೇರೆ ಆ್ಯಪ್‌ಗಳಿಗೆ ಹೋಗುತ್ತಾರೆ ಎಂದು ಸಮ್ಮತಿಸಿದರು. 2017ರ ಮತದಾನದಲ್ಲಿ ಪರ 108, ವಿರೋಧ 57. ಡಬ್ಲ್ಯು3ಸಿ ತನ್ನ ಮಾನಕವೊಂದನ್ನು ಇಷ್ಟು ಒಡೆದ ಮನಸ್ಸಿನಿಂದ ಒಪ್ಪಿದ್ದು ಅಪರೂಪ. ಬೀಗದ ಲೋಪ ಹುಡುಕುವ ಸಂಶೋಧಕರ ಮೇಲೆ ದಾವೆ ಹೂಡುವುದಿಲ್ಲವೆಂಬ ಭರವಸೆಯೂ ಸಿಗಲಿಲ್ಲವೆಂದು, ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಇಎಫ್‌ಎಫ್ ಫಲಿತಾಂಶ ಬಂದ ದಿನವೇ ಸದಸ್ಯತ್ವ ಬಿಟ್ಟು ಹೊರಬಂತು.

ಇನ್ನು ಶುಲ್ಕದ ಮಾತು. ಐಪ್ಲೇಯರ್ ಬಂದ ಒಂಬತ್ತು ವರ್ಷ, ನೇರ ಪ್ರಸಾರ ಬಿಟ್ಟು ಆಮೇಲೆ ನೋಡುವುದಾದರೆ ಲೈಸೆನ್ಸೇ ಬೇಕಿರಲಿಲ್ಲ. ಕಾನೂನಿನ ಆ ಸಂದು ಮುಚ್ಚಿದ್ದು 2016ರ ಸೆಪ್ಟೆಂಬರ್ 1ರಂದು. ಮರುವರ್ಷ ಲಾಗಿನ್ ಕಡ್ಡಾಯವಾಯಿತು. ಆಗಲೂ ಐಪ್ಲೇಯರ್ ಕೇಳಿದ್ದು ‘ನಿಮ್ಮಲ್ಲಿ ಟೀವಿ ಲೈಸೆನ್ಸ್ ಇದೆಯೇ’ ಎಂದಷ್ಟೇ. ಇದೆ ಎಂದು ಒತ್ತಿದರೆ ಮುಂದೆ ಬಿಡುತ್ತಿತ್ತು. ಹಕ್ಕುದಾರರ ಸಲುವಾಗಿ ಉಕ್ಕಿನ ಬೀಗ, ಶುಲ್ಕದ ಸಲುವಾಗಿ ಬಾಯಿಮಾತಿನ ನಂಬಿಕೆ. ಡಿಆರ್‌ಎಂ ಯಾರ ಕಾವಲಿಗೆ ಬಂದದ್ದೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕಿಲ್ಲ. 2025ರ ಏಪ್ರಿಲಿನಲ್ಲಿ ಶುಲ್ಕ ವರ್ಷಕ್ಕೆ 174.50 ಪೌಂಡ್ ಆಯಿತು. ಟೀವಿಯನ್ನೇ ಬಿಟ್ಟು ನೆಟ್‌ಫ್ಲಿಕ್ಸ್, ಯೂಟ್ಯೂಬಿಗೆ ಹೋದವರು ಕಟ್ಟುವುದನ್ನು ನಿಲ್ಲಿಸುತ್ತಿದ್ದಾರೆ. ಬಿಬಿಸಿಗೆ ಅಧಿಕಾರ ಕೊಡುವ ಈಗಿನ ಸನ್ನದೂ 2027ರ ಕೊನೆಗೆ ಮುಗಿಯುತ್ತದೆ. ನೆಟ್‌ಫ್ಲಿಕ್ಸಿಗೆ ಮೊದಲೇ ಎದುರಾಳಿಯಾಗುವ ಅವಕಾಶವೂ ಕೈತಪ್ಪಿತ್ತು. ಐಟಿವಿ, ಚಾನೆಲ್ 4 ಜೊತೆ ಸೇರಿ ಬಿಬಿಸಿ ಒಂದೇ ವಿಡಿಯೊ ತಾಣ ಮಾಡಹೊರಟಿದ್ದ ‘ಕಾಂಗರೂ’ ಯೋಜನೆಯನ್ನು ಸ್ಪರ್ಧಾ ಆಯೋಗ 2009ರಲ್ಲಿ ತಡೆದಿತ್ತು. ಮೂರು ವರ್ಷಕ್ಕೆ ನೆಟ್‌ಫ್ಲಿಕ್ಸ್ ಬ್ರಿಟನ್ನಿಗೆ ಕಾಲಿಟ್ಟಿತು. ಮನೆಯ ಜಗಳ ಬಿಡಿಸುವಷ್ಟರಲ್ಲಿ ಹೊರಗಿನವರು ಜಗಲಿ ಏರಿ ಕೂತರು.

ಬೇರೆ ದೇಶಗಳು ಬೇರೆ ದಾರಿ ಹಿಡಿದವು. ಜರ್ಮನಿ 2013ರಿಂದ ಟೀವಿ ಇರಲಿ ಬಿಡಲಿ, ಮನೆಗಿಷ್ಟು ಎಂದು ವಸೂಲಿ ಮಾಡುತ್ತದೆ. ಆದರೆ ಪ್ರಕಾಶಕರ ಒತ್ತಡದಿಂದಾಗಿ ಅಲ್ಲಿನ ಸಾರ್ವಜನಿಕ ವಾಹಿನಿಗಳು ಎಷ್ಟೋ ಕಾರ್ಯಕ್ರಮಗಳನ್ನು 7 ದಿನಕ್ಕೆ ಜಾಲದಿಂದ ತೆಗೆಯಬೇಕಾಗಿ ಬಂದದ್ದು ವಿಚಿತ್ರ. ದುಡ್ಡು ಕೊಟ್ಟವರ ಕಣ್ಣೆದುರೇ ಸಾಮಾನು ಗೋದಾಮಿಗೆ. ನಾರ್ವೆಯ ಸಾರ್ವಜನಿಕ ವಾಹಿನಿ ಎನ್‌ಆರ್‌ಕೆ ತದ್ವಿರುದ್ಧ. ಬರ್ಗನ್‌ನಿಂದ ಆಸ್ಲೊಗೆ ಹೋಗುವ ರೈಲಿನ ಮುಂಬದಿಯಲ್ಲಿ ಕ್ಯಾಮೆರಾ ಇಟ್ಟು ಏಳು ಗಂಟೆಗೂ ಮಿಕ್ಕಿದ ಪಯಣವನ್ನು 2009ರಲ್ಲಿ ಪ್ರಸಾರ ಮಾಡಿತು. ಆಮೇಲೆ ಆ ಚಿತ್ರಿಕೆಯನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಡಿ ಬಿಟ್‌ಟೊರೆಂಟಿನಲ್ಲೇ ಹಂಚಿತು. ಸಿನಿಮಾ ಕಳ್ಳರ ದಾರಿ ಎಂದು ಹೆಸರಾದ ತಂತ್ರವನ್ನು ಸರ್ಕಾರಿ ವಾಹಿನಿ ತಾನೇ ಬಳಸಿತು. ಫ್ರಾನ್ಸ್ 2022ರಲ್ಲಿ ಶುಲ್ಕವನ್ನೇ ತೆಗೆದುಹಾಕಿತು.

ಭಾರತದಲ್ಲಿ ಲೈಸೆನ್ಸ್ ಹೋಗಿ ದಶಕಗಳಾದವು. 1997ರಲ್ಲಿ ಅಸ್ತಿತ್ವಕ್ಕೆ ಬಂದ ಪ್ರಸಾರ ಭಾರತಿ ಸರ್ಕಾರದ ಅನುದಾನ ಮತ್ತು ಜಾಹೀರಾತಿನ ಮೇಲೆ ನಡೆಯುತ್ತದೆ. ಆಕಾಶವಾಣಿಯ ನಿಲಯಗಳನ್ನು ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಕೇಳಬಹುದು; 2024ರ ನವೆಂಬರಿನಲ್ಲಿ ಗೋವಾ ಚಿತ್ರೋತ್ಸವದಲ್ಲಿ ‘ವೇವ್ಸ್’ ಎಂಬ ಒಟಿಟಿಯೂ ಬಂತು. ಆದರೂ ಚಂದನದ ‘ಥಟ್ ಅಂತ ಹೇಳಿ’ಯ ಹಳೆಯ ಕಂತು ಬೇಕೆಂದರೆ ಜನ ಹೋಗುವುದು ಯೂಟ್ಯೂಬಿಗೆ. ಅಲ್ಲಿ ಶುಲ್ಕವಿಲ್ಲ, ಎಕ್ಸ್‌ಪಿಯ ಫಲಕವಿಲ್ಲ, ಒಳ್ಳೆಯದೇ. ಆದರೆ ಕಂತಿಗೆ ವಿಳಾಸ ಕೊಡುವವರೂ ಪಕ್ಕದಲ್ಲಿ ಏನು ತೋರಿಸಬೇಕೆಂದು ಗೊತ್ತುಮಾಡುವವರೂ ಗೂಗಲ್‌ನವರು. ಬಿಬಿಸಿಯವರು 2007ರಲ್ಲಿ ಮಾಡಿದಂತೆ ಪ್ರತಿ ಕಂತಿಗೂ ಸ್ವಂತ ತಾಣದಲ್ಲಿ, ಎಂದೂ ಬದಲಾಗದ ಒಂದು ಪುಟ ಕೊಡಲು ಲೈಸೆನ್ಸ್ ಶುಲ್ಕವೂ ಬೇಡ, ಡಿಆರ್‌ಎಂ ಕೂಡ ಬೇಡ. ಕಂತುಗಳ ದಾಖಲೆ ಬಲ್ಲ ಒಬ್ಬ ಗ್ರಂಥಪಾಲಕರು, ಜೊತೆಗೆ ಒಂದಿಬ್ಬರು ವೆಬ್ ಡೆವಲಪರ್‌ಗಳು ಇದ್ದರೆ ಕೆಲಸ ಶುರುವಾದೀತು.