ಕಬಿನಿ ದಂಡೆಯ ಸಂಜೆ: ಅಂದು ಖೆಡ್ಡಾ, ಇಂದು ಹಿನ್ನೀರು

ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಸೀಮೆಯಲ್ಲಿ ದಿನವೂ ಸಂಜೆ ಒಂದು ಅಪರೂಪದ ನೋಟ ಕಾಣಸಿಗುತ್ತದೆ. ನಾಲ್ಕು ಗಂಟೆ ದಾಟುತ್ತಿದ್ದಂತೆ ಕಬಿನಿ ಜಲಾಶಯದ ಹಿನ್ನೀರಿನ ಅಂಚಿಗೆ ಕಾಡಿನೊಳಗಿಂದ ಆನೆಗಳು ಇಳಿಯತೊಡಗುತ್ತವೆ. ಮುಂದೆ ಒಂದು ಹಿರಿಯ ಹೆಣ್ಣಾನೆ, ಅದರ ಬೆನ್ನಿಗೆ ಮಕ್ಕಳು ಮರಿಗಳು, ಒಂದಷ್ಟು ಅಂತರ ಬಿಟ್ಟು ಮತ್ತೊಂದು ಹಿಂಡು, ಎಲ್ಲಕ್ಕಿಂತ ದೂರದಲ್ಲಿ ಒಂಟಿ ಸಲಗ. ಹೊತ್ತು ಮುಳುಗುವ ವೇಳೆಗೆ ದಂಡೆಯ ಉದ್ದಕ್ಕೂ ಆನೆಗಳೇ ಆನೆಗಳು. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗಗಳು ಭೂಮಿಯ ಮೇಲೆ ಬಹಳ ಇಲ್ಲ.

ನೋಡಲು ಬಂದವರಿಗೆ ಇದು ಅನಾದಿ ಕಾಲದಿಂದ ನಡೆದುಬಂದ ಪ್ರಕೃತಿಯ ವ್ಯಾಪಾರವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಆನೆಗಳು ಇಳಿಯುವ ಈ ದಂಡೆ ಹುಟ್ಟಿದ್ದೇ 1974ರಲ್ಲಿ, ಕಬಿನಿಗೆ ಅಣೆಕಟ್ಟು ಬಿದ್ದಾಗ. ಅದಕ್ಕೆ ಮೂರು ವರ್ಷ ಮೊದಲಿನವರೆಗೂ ಇದೇ ನದಿಗೆ ಆನೆಗಳು ತಾವಾಗಿ ಬರುತ್ತಿದ್ದುದು ಮಾತ್ರವಲ್ಲ, ತಮಟೆ, ಪಂಜು, ಕೋವಿಯ ಸದ್ದಿಗೆ ಹೆದರಿ ಅಟ್ಟಿಸಿಕೊಂಡೂ ಬರುತ್ತಿದ್ದವು. ಆಗಲೂ ದಂಡೆಯ ಮೇಲೆ ನೋಡುವ ಜನ ಇದ್ದರು. ಆನೆ ಹಿಡಿಯುವ ನೆಲ ಆನೆ ನೋಡುವ ನೆಲವಾಗಿ ಮಾರ್ಪಟ್ಟ ಈ ಕಥೆಯಲ್ಲಿ ರಾಜರಿದ್ದಾರೆ, ಮಾವುತರಿದ್ದಾರೆ, ಕಾಡು ಬಿಟ್ಟು ಹೊರಬಿದ್ದ ಜನರೂ ಇದ್ದಾರೆ.

ಶಾಪದ ಕಲ್ಲು

ಹೆಗ್ಗಡದೇವನಕೋಟೆಯಿಂದ ಮಾನಂದವಾಡಿಯ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಕಾಡಿಗೆ ಕಾಕನಕೋಟೆ ಎಂದು ಹೆಸರು. ಮಾಸ್ತಿ ವೆಂಕಟೇಶ ಅಯ್ಯಂಗಾರರ ನಾಟಕದಿಂದಲೂ, ಅದನ್ನು ಆಧರಿಸಿ ಸಿ.ಆರ್. ಸಿಂಹ ನಿರ್ದೇಶಿಸಿದ ಚಲನಚಿತ್ರದಿಂದಲೂ ಈ ಹೆಸರು ಕನ್ನಡಿಗರಿಗೆ ಪರಿಚಿತ. ಆದರೆ ಹೊರಜಗತ್ತಿಗೆ ಕಾಕನಕೋಟೆ ಗೊತ್ತಾದದ್ದು ಖೆಡ್ಡಾದ ಮೂಲಕ.

ಹಿಂಡಿಗೆ ಹಿಂಡನ್ನೇ ಸುತ್ತುವರಿದು ಹಿಡಿಯುವ ಖೆಡ್ಡಾ ಪದ್ಧತಿ ಬಂಗಾಳ, ಅಸ್ಸಾಂ ಕಡೆ ಮೊದಲಿನಿಂದ ಇತ್ತು. ಮೈಸೂರಿನಲ್ಲಿ ರೂಢಿಯಲ್ಲಿದ್ದುದು ಗುಂಡಿ ತೋಡಿ ಮೇಲೆ ಸೊಪ್ಪುಸದೆ ಮುಚ್ಚಿ ಆನೆಯನ್ನು ಕೆಡವುವ ಕ್ರಮ. ಅದರಲ್ಲಿ ಕಾಲು ಮುರಿದು ಸಾಯುವ ಆನೆಗಳೇ ಹೆಚ್ಚು. ಹೈದರ್ ಅಲಿ ಕಾಕನಕೋಟೆ ಕಾಡಿನಲ್ಲಿ ಹಿಂಡನ್ನು ಹಿಡಿಯಲು ಯತ್ನಿಸಿ ಸೋತನೆಂದೂ, ಈ ಕೆಲಸ ಮುಂದೆ ಯಾರಿಂದಲೂ ಆಗದು, ಯತ್ನಿಸಿದವರಿಗೆ ಶಾಪ ತಟ್ಟಲಿ ಎಂದು ಕಲ್ಲಿನಲ್ಲಿ ಬರೆಸಿದನೆಂದೂ ಜಾರ್ಜ್ ಸ್ಯಾಂಡರ್ಸನ್ ದಾಖಲಿಸಿದ್ದಾನೆ.

ಆ ಶಾಪಕ್ಕೆ ಜಗ್ಗದೆ ಮುಂದೆ ಹೋದವನೂ ಇದೇ ಸ್ಯಾಂಡರ್ಸನ್. ಮೈಸೂರು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ನಾಲೆಗಳ ಉಸ್ತುವಾರಿಗೆಂದು ನೇಮಕಗೊಂಡಿದ್ದ ಈ ಯುವಕ ಕನ್ನಡ ಕಲಿತು, ಕಾಡಿನ ಜನರ ಜೊತೆ ತಿರುಗಿ, ಆನೆಗಳ ಜಾಡು ಅರಿತ. 1874ರಲ್ಲಿ ಚಾಮರಾಜನಗರದ ಬಳಿ ಒಂದೇ ಖೆಡ್ಡಾದಲ್ಲಿ 50ಕ್ಕೂ ಹೆಚ್ಚು ಆನೆಗಳನ್ನು ಹಿಡಿದಾಗ ಅವನ ಹೆಸರು ಎಲ್ಲೆಡೆ ಹಬ್ಬಿತು. ಅಲ್ಲಿಂದ ಮುಂದೆ ಖೆಡ್ಡಾ ಮೈಸೂರು ಸಂಸ್ಥಾನದ ಒಂದು ವೈಭವವಾಗಿ ಬೆಳೆಯಿತು. ಅದರ ಮುಖ್ಯ ರಂಗಸ್ಥಳವೇ ಕಾಕನಕೋಟೆ.

ನದಿಗೆ ಅಟ್ಟುವ ಆಟ

ಖೆಡ್ಡಾ ಒಂದು ದಿನದ ಕೆಲಸವಲ್ಲ. ತಿಂಗಳುಗಟ್ಟಲೆ ಮೊದಲೇ ಜೇನುಕುರುಬರು ಮತ್ತು ಬೆಟ್ಟಕುರುಬರು ಕಾಡಿಗೆ ಹೋಗಿ ಹಿಂಡುಗಳ ಹೆಜ್ಜೆ, ಲದ್ದಿ, ಮುರಿದ ಕೊಂಬೆಗಳನ್ನು ನೋಡಿ ಅವುಗಳ ಓಡಾಟದ ಲೆಕ್ಕ ಹಿಡಿಯುತ್ತಿದ್ದರು. ಬಳಿಕ ನೂರಾರು ಜನ ಹಲವು ಮೈಲಿ ಸುತ್ತಳತೆಯಲ್ಲಿ ಕಾವಲು ನಿಂತು, ರಾತ್ರಿ ಬೆಂಕಿ ಹಾಕಿ, ಹಗಲು ಸದ್ದು ಮಾಡಿ, ಹಿಂಡನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ನದಿಯತ್ತ ತಳ್ಳುತ್ತಿದ್ದರು. ಕೊನೆಯ ದಿನ ಹಿಂಡನ್ನು ಕಬಿನಿಗೆ ಇಳಿಸಿ ದಾಟಿಸಿದರೆ, ಎದುರು ದಂಡೆಯಲ್ಲಿ ದಪ್ಪ ಮರದ ದಿಮ್ಮಿಗಳ ದೊಡ್ಡಿ ಬಾಯಿ ತೆರೆದು ಕಾದಿರುತ್ತಿತ್ತು. ಕೊನೆಯ ಆನೆ ಒಳಹೊಕ್ಕ ಕೂಡಲೇ ಬಾಗಿಲು ಬೀಳುತ್ತಿತ್ತು. ಪಳಗಿದ ಕುಮ್ಕಿ ಆನೆಗಳ ಮೇಲೆ ಕುಳಿತ ಮಾವುತರು ಒಳಗೆ ನುಗ್ಗಿ, ಹೊಸ ಆನೆಗಳ ಕಾಲಿಗೂ ಕೊರಳಿಗೂ ಹಗ್ಗ ಬಿಗಿಯುತ್ತಿದ್ದರು. ಆಯ್ದ ಕೆಲವು ಆನೆಗಳು ಸಂಸ್ಥಾನಕ್ಕೆ ಉಳಿದು, ಮಿಕ್ಕವು ಹರಾಜಿಗೆ ಹೋಗುತ್ತಿದ್ದವು.

ನದಿಯನ್ನು ಈಸುವ ಹಿಂಡನ್ನು ದಂಡೆಯ ಮೇಲಿನಿಂದ ನೋಡುವುದು ರಾಜಮರ್ಯಾದೆಯ ಅತಿಥಿಗಳಿಗೆ ಮೈಸೂರು ಕೊಡುತ್ತಿದ್ದ ದೊಡ್ಡ ಔತಣವಾಗಿತ್ತು. 1906ರಲ್ಲಿ, ಮುಂದೆ ಐದನೆಯ ಜಾರ್ಜ್ ಆದ ವೇಲ್ಸ್ ರಾಜಕುಮಾರ ನಾಲ್ವಡಿ ಕೃಷ್ಣರಾಜ ಒಡೆಯರ ಅತಿಥಿಯಾಗಿ ಬಂದಾಗ ಕಾಕನಕೋಟೆಯ ಖೆಡ್ಡಾವನ್ನೂ ನೋಡಿದ.

ಹಳೆಯ ಮೈಸೂರಿನ ಕಾಡುಗಳಲ್ಲಿ 1873ರಿಂದ 1971ರ ನಡುವೆ 36 ಖೆಡ್ಡಾಗಳು ನಡೆದು, 1,500ಕ್ಕೂ ಹೆಚ್ಚು ಆನೆಗಳು ಸೆರೆ ಸಿಕ್ಕವು. ಹಿಡಿಯುವಾಗ, ಪಳಗಿಸುವಾಗ ಸತ್ತವೂ ಕಡಿಮೆಯಲ್ಲ. ಮರಿಯಿಂದ ತಾಯಿ, ತಾಯಿಯಿಂದ ಹಿಂಡು ಅಗಲಿದ ನೋವಿಗೆ ಯಾವ ದಫ್ತರದಲ್ಲೂ ಲೆಕ್ಕವಿಲ್ಲ. ಇಪ್ಪತ್ತು ತಿಂಗಳಿಗೂ ಹೆಚ್ಚು ಕಾಲ ಗರ್ಭ ಹೊತ್ತು ಒಂದೇ ಮರಿ ಹಾಕುವ ಪ್ರಾಣಿಗೆ ಇಂಥ ನಷ್ಟ ತುಂಬಿಕೊಳ್ಳಲು ತಲೆಮಾರುಗಳೇ ಬೇಕು.

ಕಾರಾಪುರದ ಹುಡುಗ

ಖೆಡ್ಡಾ ಇದ್ದ ಕಡೆ ಮಾವುತರ ಕೇರಿಯೂ ಇರಬೇಕು. ಕಬಿನಿ ದಂಡೆಯ ಕಾರಾಪುರ ಅಂಥ ಒಂದು ಊರು. ಮಹಾರಾಜರ ಬೇಟೆಯ ಬಂಗಲೆ ಇದ್ದುದೂ ಅಲ್ಲಿಯೇ. ಅಲ್ಲಿನ ಮಾವುತನೊಬ್ಬನಿಗೆ 1924ರಲ್ಲಿ ಹುಟ್ಟಿದ ಮಗ ಸಾಬು. ರುಡ್ಯಾರ್ಡ್ ಕಿಪ್ಲಿಂಗನ ಆನೆ ಮಾವುತರ ಕಥೆಯನ್ನು ಚಿತ್ರ ಮಾಡಲು ಮೈಸೂರಿಗೆ ಬಂದ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ತಂಡದ ಕಣ್ಣಿಗೆ ಈ ಹುಡುಗ ಬಿದ್ದ. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರ ಅವನನ್ನು ಲಂಡನ್ನಿಗೂ, ಮುಂದೆ ಹಾಲಿವುಡ್ಡಿಗೂ ಕರೆದೊಯ್ದಿತು. ಹೆಗ್ಗಡದೇವನಕೋಟೆ ಕಾಡಿನ ಅಂಚಿನ ಮಾವುತನ ಮಗ ಜಗತ್ತಿನ ಬೆಳ್ಳಿತೆರೆಯ ಮೇಲೆ ಮೆರೆದ. ಆನೆಯ ಕಿವಿಯ ಹಿಂದೆ ಕುಳಿತು ಕಾಲಿನ ಬೆರಳಿನಿಂದಲೇ ಅದಕ್ಕೆ ಮಾತು ತಿಳಿಸುವ ವಿದ್ಯೆ ಅವನಿಗೆ ಮನೆಯಲ್ಲೇ ಬಂದಿತ್ತು. ಆ ವಿದ್ಯೆಯನ್ನು ಇಂದಿಗೂ ಬಳ್ಳೆ ಮೊದಲಾದ ಆನೆ ಶಿಬಿರಗಳಲ್ಲಿ ಮಾವುತರು, ಕಾವಾಡಿಗಳು ಉಳಿಸಿಕೊಂಡಿದ್ದಾರೆ. ಅವರಲ್ಲಿ ಅನೇಕರು ಜೇನುಕುರುಬರು.

ಕಾಡು ಮುಳುಗಿತು, ಹುಲ್ಲು ಬಂತು

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1977ರಲ್ಲಿ ಆನೆಯನ್ನು ಅದರ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಈ ನಡುವೆ 1974ರಲ್ಲಿ ಬೀಚನಹಳ್ಳಿಯ ಬಳಿ ಅಣೆಕಟ್ಟು ಮುಗಿದು, ವಯನಾಡಿನಿಂದ ಹರಿದುಬರುವ ಕಬಿನಿ ತನ್ನ ಪಾತ್ರ ಮೀರಿ ಹರಡಿಕೊಂಡಿತು. ನದಿ ದಂಡೆಯ ಹಳ್ಳಿಗಳೂ, ಹಾಡಿಗಳೂ, ಕಾಕನಕೋಟೆಯ ಒಳ್ಳೆಯ ಕಾಡಿನ ದೊಡ್ಡ ಭಾಗವೂ ನೀರಿನ ಪಾಲಾದವು.

ಆನೆಗಳ ಪಾಲಿಗೆ ಇದು ಮೊದಲು ನಷ್ಟವೇ. ನದಿಯ ಎರಡೂ ಕಡೆಗೆ ಓಡಾಡುತ್ತಿದ್ದ ಹಳೆಯ ದಾರಿಗಳು ಮುಳುಗಿದವು. ಆದರೆ ಯಾರೂ ಯೋಜಿಸದ ಇನ್ನೊಂದು ಬೆಳವಣಿಗೆಯೂ ಆಯಿತು. ಮಳೆಗಾಲದಲ್ಲಿ ಜಲಾಶಯ 2,284 ಅಡಿಯ ಗರಿಷ್ಠ ಮಟ್ಟಕ್ಕೆ ತುಂಬುತ್ತದೆ. ಬೇಸಿಗೆಯ ವೇಳೆಗೆ ನಾಲೆಗೂ ನದಿಗೂ ನೀರು ಬಿಟ್ಟು ಮಟ್ಟ ಇಳಿಯುತ್ತದೆ. ನೀರು ಹಿಂದೆ ಸರಿದ ಹಾಗೆಲ್ಲ ಮೆಕ್ಕಲು ಮಣ್ಣಿನ ಮೇಲೆ ಎಳೆಯ ಹುಲ್ಲು ಚಿಗುರುತ್ತದೆ. ಕಾಡಿನೊಳಗೆ ಹಳ್ಳ ಬತ್ತಿ, ಹುಲ್ಲು ಒಣಗಿ ಬೆಂಕಿಯ ಭಯ ಹುಟ್ಟುವ ತಿಂಗಳುಗಳಲ್ಲೇ ಇಲ್ಲಿ ಹಸಿರೂ ನೀರೂ ಒಟ್ಟಿಗೆ ಸಿಗುತ್ತವೆ. ಬೆಳೆದ ಆನೆಗೆ ದಿನಕ್ಕೆ ನೂರು ಲೀಟರಿಗೂ ಮಿಕ್ಕಿ ನೀರು ಬೇಕು. ಉತ್ತರಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಬಂಡೀಪುರ, ಪಶ್ಚಿಮಕ್ಕೆ ವಯನಾಡು, ಹೀಗೆ ಮೂರು ದಿಕ್ಕಿನ ಕಾಡುಗಳಿಂದ ಹಿಂಡುಗಳು ಇತ್ತ ಸಾಗಿಬರುತ್ತವೆ.

ಸಂಜೆಯೇ ಏಕೆ ಎಂಬುದಕ್ಕೂ ಕಾರಣವಿದೆ. ದೊಡ್ಡ ಮೈಯ, ಬೆವರಲಾರದ ಪ್ರಾಣಿ ಆನೆ. ಉರಿಬಿಸಿಲಿನಲ್ಲಿ ಬಯಲಿಗೆ ಬಂದರೆ ಮೈ ಕಾಯುತ್ತದೆ. ಆದ್ದರಿಂದ ನಡುಹಗಲು ಮರದ ನೆರಳಲ್ಲಿ ಕಿವಿ ಬೀಸುತ್ತ ನಿಂತು, ಹೊತ್ತು ಇಳಿದ ಮೇಲೆ ಹೊರಡುತ್ತದೆ. ಜೂನ್‌ನಲ್ಲಿ ಮಳೆ ಹಿಡಿದು ಹಿನ್ನೀರು ಏರಿದೊಡನೆ ಹುಲ್ಲುಗಾವಲು ಮುಳುಗುತ್ತದೆ, ಹಿಂಡುಗಳು ಚದುರುತ್ತವೆ. ಹೀಗೆ ಈ ಸಮಾವೇಶದ ಕೀಲಿ ಇರುವುದು ಅಣೆಕಟ್ಟಿನ ತೂಬಿನಲ್ಲಿ. ಕೆಳಗಿನ ಗದ್ದೆಗಳಿಗೆ ಎಷ್ಟು ನೀರು, ಯಾವಾಗ ಎಂಬುದರ ಮೇಲೆ ಮೇಲಿನ ಆನೆಗಳ ಬೇಸಿಗೆ ನಿಂತಿದೆ.

ನೋಡಲು ಬಂದವರು, ಬಿಟ್ಟು ಹೊರಟವರು

1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿ, ಕಾರಾಪುರದ ಹಳೆಯ ಬೇಟೆ ಬಂಗಲೆಯ ಆವರಣ ಪ್ರವಾಸಿಗಳ ತಂಗುದಾಣವಾಯಿತು. ಕೋವಿಯ ಜಾಗಕ್ಕೆ ಕ್ಯಾಮೆರಾ ಬಂತು. ಕಬಿನಿಯ ಹೆಸರು ವಿದೇಶಗಳಿಗೂ ಮುಟ್ಟಿತು. ನಾಗರಹೊಳೆ ಅಭಯಾರಣ್ಯ ರಾಷ್ಟ್ರೀಯ ಉದ್ಯಾನವಾಗಿ, 1999ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೂ ಬಂತು. ರಕ್ಷಣೆಯ ಫಲ ಕಾಣದೆ ಹೋಗಲಿಲ್ಲ. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳ ಸಂಖ್ಯೆ 6,395 ಎಂದು ಅಂದಾಜಾಯಿತು. ದೇಶದಲ್ಲಿ ಅತಿ ಹೆಚ್ಚು ಆನೆಗಳಿರುವ ರಾಜ್ಯ ಇದೇ.

ಆದರೆ ಕಾಡನ್ನು ಕಾಯುವ ಕೆಲಸ ಅಲ್ಲಿ ವಾಸವಿದ್ದವರನ್ನು ಹೊರಗೆ ಕಳಿಸುವ ಕೆಲಸವೂ ಆಯಿತು. ಅಣೆಕಟ್ಟಿಗೆ ಒಮ್ಮೆ, ಅಭಯಾರಣ್ಯಕ್ಕೆ ಮತ್ತೊಮ್ಮೆ ಜೇನುಕುರುಬರೂ ಬೆಟ್ಟಕುರುಬರೂ ಹಾಡಿ ಬಿಟ್ಟರು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಕೆಲವರು ಬಂದರು. ಇನ್ನೆಷ್ಟೋ ಮಂದಿ ಕಾಡಂಚಿನ ಜಮೀನುಗಳಲ್ಲಿ, ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿಗೆ ನಿಂತರು. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ, ನಾಗರಹೊಳೆಯಿಂದ ಹೊರಬಿದ್ದು ಪುನರ್ವಸತಿ ಕಾಣಬೇಕಾದ ಆದಿವಾಸಿ ಕುಟುಂಬಗಳ ಸಂಖ್ಯೆ 3,418.

ಸಂಜೆಯ ಪ್ರಾಣಿಗಳನ್ನು ನೋಡಲು ಜನ ಸೇರುವ ಇನ್ನೊಂದು ಪ್ರಸಿದ್ಧ ತಾಣ ಆಸ್ಟ್ರೇಲಿಯಾದ ಫಿಲಿಪ್ ದ್ವೀಪ. ಅಲ್ಲಿ ಮೊಳದೆತ್ತರವೂ ಇಲ್ಲದ ಪುಟ್ಟ ಪೆಂಗ್ವಿನ್‌ಗಳು ಹಗಲೆಲ್ಲ ಸಮುದ್ರದಲ್ಲಿ ಮೀನು ಹಿಡಿದು, ಕತ್ತಲಾಗುವಾಗ ಗುಂಪುಗುಂಪಾಗಿ ಮರಳಿನ ಮೇಲೆ ನಡೆದು ಬಿಲಗಳಿಗೆ ಮರಳುತ್ತವೆ. 1920ರ ದಶಕದಿಂದ ಜನ ಅದನ್ನು ನೋಡುತ್ತ ಬಂದಿದ್ದಾರೆ. ಪೆಂಗ್ವಿನ್‌ಗಳ ನೆಲದ ಮೇಲೆಯೇ ಮನೆಗಳು ಎದ್ದು, ನಾಯಿ, ವಾಹನಗಳಿಂದ ಹಕ್ಕಿಗಳಿಗೆ ಕುತ್ತು ಬಂದಾಗ ವಿಕ್ಟೋರಿಯಾ ರಾಜ್ಯ ಸರ್ಕಾರ ಒಂದು ತೀರ್ಮಾನಕ್ಕೆ ಬಂತು. 1985ರಿಂದ 2010ರವರೆಗೆ ಆ ಬಡಾವಣೆಯ ಮನೆ, ನಿವೇಶನಗಳನ್ನು ಹಣ ಕೊಟ್ಟು ಕೊಂಡು, ಕಟ್ಟಡ ತೆಗೆಸಿ, ಭೂಮಿಯನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟಿತು. ಅಲ್ಲಿ ಬಿಟ್ಟು ಹೋದವರು ಬಹುಮಟ್ಟಿಗೆ ರಜೆಯ ಮನೆಗಳ ಒಡೆಯರು. ಅವರ ಕೈಯಲ್ಲಿ ಕ್ರಯಪತ್ರವಿತ್ತು. ಕಾಕನಕೋಟೆಯವರ ಕೈಯಲ್ಲಿ ಅಂಥ ಕಾಗದ ಇರಲಿಲ್ಲ, ಇದ್ದದ್ದು ಕಾಡಿನ ತಿಳಿವಳಿಕೆ ಮಾತ್ರ. ಆ ತಿಳಿವಳಿಕೆಗೂ ಹಕ್ಕಿನ ಬೆಲೆಯುಂಟೆಂದು ಕಾನೂನು ಒಪ್ಪಿದ್ದು 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ.

ಒಂದು ಆನೆಯ ಬಾಳು

ಈ ಎರಡೂ ಕಾಲಗಳನ್ನು ಒಂದೇ ಬಾಳಿನಲ್ಲಿ ಕಂಡ ಆನೆ ಅರ್ಜುನ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕ ಅವನು ಪಳಗಿ, ಬಳ್ಳೆ ಶಿಬಿರದ ಆನೆಯಾಗಿ, 2012ರಿಂದ 2019ರವರೆಗೆ ಎಂಟು ಬಾರಿ ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತ. ವಯಸ್ಸಾಗಿ ಅಂಬಾರಿ ಇಳಿಸಿದ ಮೇಲೂ ಅವನಿಗೆ ಕೆಲಸ ತಪ್ಪಲಿಲ್ಲ. ತೋಟಗಳಿಗೆ ನುಗ್ಗುವ ಕಾಡಾನೆಗಳನ್ನು ಹಿಡಿಯುವ ಕಾರ್ಯಾಚರಣೆಗೆ ಅವನನ್ನೂ ಕರೆದೊಯ್ದರು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ ಕಾಡಾನೆಯೊಂದರ ಜೊತೆ ಸೆಣಸಿ ಅರ್ಜುನ ಸತ್ತ. ಹಿಡಿಸಿಕೊಂಡ ಆನೆ, ಇನ್ನೊಂದು ಆನೆಯನ್ನು ಹಿಡಿಯಲು ಹೋಗಿ ಪ್ರಾಣ ಬಿಟ್ಟಿತು.

ಖೆಡ್ಡಾ ನಿಂತರೂ ಆನೆ ಹಿಡಿಯುವುದು ನಿಂತಿಲ್ಲ ಎಂಬುದನ್ನು ಆ ಸಾವು ನೆನಪಿಸಿತು. ಮಳೆಗಾಲದಲ್ಲಿ ಹಿನ್ನೀರು ಬಿಟ್ಟು ಚದುರುವ ಆನೆಗಳಲ್ಲಿ ಕೆಲವು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ರಾಗಿ, ಬಾಳೆ, ಕಬ್ಬಿನ ಹೊಲಗಳಿಗೂ ಇಳಿಯುತ್ತವೆ. ಬೇಸಿಗೆಯ ಸಂಜೆ ಪ್ರವಾಸಿಗೆ ಕಣ್ತುಂಬ ಸಿಗುವ ಹಿಂಡು, ಸುಗ್ಗಿಯ ರಾತ್ರಿ ರೈತನ ಅಟ್ಟಣೆಯ ಕೆಳಗೆ ನಿಂತಾಗ ಬೇರೆಯೇ ಆಗಿ ಕಾಣುತ್ತದೆ. ಕಾಡಂಚಿನಲ್ಲಿ ಕಂದಕ ತೋಡಿದ್ದಾರೆ, ಹಳೆಯ ರೈಲು ಕಂಬಿಗಳ ಬೇಲಿ ನಿಲ್ಲಿಸಿದ್ದಾರೆ. ಖೆಡ್ಡಾದ ಕಾಲದಲ್ಲಿ ಆನೆಯನ್ನು ಒಳಗೆ ಕೂಡಿಹಾಕಲು ದಿಮ್ಮಿ ನಿಲ್ಲಿಸುತ್ತಿದ್ದವರು ಇದೇ ಸೀಮೆಯ ಜನ. ಇಂದಿನ ಕಂಬಿಬೇಲಿಯ ಉದ್ದೇಶವೂ ಅದನ್ನು ಒಳಗಿಡುವುದೇ. ನಡುವೆ ಬದಲಾದದ್ದು ದೊಡ್ಡಿಯ ಅಳತೆ.

ಆದರೂ ಒಂದು ಬದಲಾವಣೆ ಸಣ್ಣದಲ್ಲ. ನೂರು ವರ್ಷ ಅಟ್ಟಿಸಿಕೊಂಡ ದಂಡೆಗೆ ಆನೆಗಳು ಐವತ್ತು ವರ್ಷಗಳಿಂದ ತಾವಾಗಿ ನಡೆದು ಬರುತ್ತಿವೆ. ಅಲ್ಲಿ ಭಯವಿಲ್ಲ ಎಂಬುದನ್ನು ಹಿರಿಯ ಹೆಣ್ಣಾನೆಗಳು ಕಲಿತು ಮರಿಗಳಿಗೂ ಕಲಿಸಿವೆ. ಆ ನಂಬಿಕೆಗೆ ಆಧಾರವಾಗಿರುವುದು ಒಂದು ತೂಬು, ಒಂದು ಕಾಯಿದೆ, ಮತ್ತು ಕಾಡು ಬಿಟ್ಟುಕೊಟ್ಟ ಸಾವಿರಾರು ಜನರ ನಷ್ಟ. ಮೊದಲಿನ ಎರಡನ್ನು ಸರ್ಕಾರ ನಿಭಾಯಿಸುತ್ತಿದೆ. ಮೂರನೆಯದರ ಸಾಲ ತೀರುವುದು, 2014ರ ವರದಿಯಲ್ಲಿ ಲೆಕ್ಕ ಸಿಕ್ಕ ಕುಟುಂಬಗಳಿಗೆ ಭೂಮಿಯೂ ಮನೆಯೂ ಸಿಕ್ಕಾಗ.