ದೇವದಾಸನ ಬಾಟಲಿ, ಪಾರ್ವತಿಯ ಗಾಯ

1953ರಲ್ಲಿ ಮದರಾಸಿನ ತೆರೆಯ ಮೇಲೆ ಕುಡುಕ ಪ್ರೇಮಿಯೊಬ್ಬ ಜನರನ್ನು ಗೊಳೋ ಎಂದು ಅಳಿಸಿದ. ಥಿಯೇಟರಿನ ಹೊರಗೆ, ಅದೇ ಊರಿನಲ್ಲಿ, ಪರ್ಮಿಟ್ ಇಲ್ಲದೆ ಗುಟುಕು ಹಾಕುವುದು ಅಪರಾಧವಾಗಿತ್ತು. ವೇದಾಂತಂ ರಾಘವಯ್ಯ ತೆಲುಗು, ತಮಿಳು ಎರಡರಲ್ಲೂ ತೆಗೆದ ‘ದೇವದಾಸು’ವಿನ ನಾಯಕ ಅಕ್ಕಿನೇನಿ ನಾಗೇಶ್ವರ ರಾವ್. ಅವರ ಕಣ್ಣು ಜೋತುಬಿದ್ದಂತೆ ಕಾಣಲೆಂದು ಕುಡಿತದ ದೃಶ್ಯಗಳನ್ನು ರಾತ್ರಿಯೇ ಚಿತ್ರೀಕರಿಸಿದ್ದರು. ಪಾರ್ವತಿಯಾಗಿ ನಟಿಸಿದವರು ಸಾವಿತ್ರಿ.

ಆಗಿನ್ನೂ ದಕ್ಷಿಣದ ನಾಲ್ಕೂ ಭಾಷೆಗಳ ಚಿತ್ರರಂಗಕ್ಕೆ ಮದರಾಸಿನ ಕೋಡಂಬಾಕ್ಕಂ, ವಡಪಳನಿಗಳೇ ತವರು. ಎವಿಎಂ, ವಿಜಯಾ–ವಾಹಿನಿ ಸ್ಟುಡಿಯೋಗಳು ಇದ್ದದ್ದು ಅಲ್ಲೇ. ಕನ್ನಡದ ನಟರು, ತಂತ್ರಜ್ಞರು ಕೂಡ ವರ್ಷಗಟ್ಟಲೆ ಅಲ್ಲೇ ಬಿಡಾರ ಹೂಡಿದ್ದರು. ಪ್ರೇಮ ಮುರಿದರೆ ಗಂಡು ಬಾಟಲಿ ಹಿಡಿಯುತ್ತಾನೆ, ಅವನು ಎಷ್ಟು ಕುಡಿದನೋ ಅಷ್ಟು ಪ್ರೀತಿಸಿದ್ದ ಎಂಬ ಲೆಕ್ಕಾಚಾರ ಆ ಸ್ಟುಡಿಯೋಗಳಿಂದ ಹಳ್ಳಿಯ ಟೂರಿಂಗ್ ಟಾಕೀಸಿನವರೆಗೂ ಹೋಯಿತು.

ಶರತ್‌ಚಂದ್ರರ 1917ರ ಮೂಲ ಕಾದಂಬರಿಯಲ್ಲಿ ಇನ್ನೊಂದು ಸಂಗತಿಯಿದೆ. ದೇವದಾಸ ಸಿಟ್ಟಿನಲ್ಲಿ ಮೀನು ಹಿಡಿಯುವ ಗಾಳದ ಕೋಲಿನಿಂದ ಪಾರ್ವತಿಯ ಹಣೆಗೆ ಬಾರಿಸುತ್ತಾನೆ. ರಕ್ತ ಸುರಿಯುತ್ತದೆ, ಕಲೆ ಉಳಿಯುತ್ತದೆ. ಆಗ ಅವನು ಕುಡಿದಿರಲೂ ಇಲ್ಲ. ಅವಳು ಆ ಕಲೆಯನ್ನು ಅವನ ನೆನಪೆಂದು ಕಾಪಾಡಿಕೊಳ್ಳುತ್ತಾಳೆ. ಕಥೆಯ ಕಣ್ಣೀರೆಲ್ಲ ಹೊಡೆದವನ ಪಾಲಿಗೆ.

ಚಳವಳಿಗಾರರ, ಸರ್ಕಾರದ ಕಣ್ಣು ಬೇರೆಲ್ಲೋ ಇತ್ತು. 1921ರಲ್ಲಿ ಈರೋಡಿನ ಹೆಂಡದಂಗಡಿಗಳ ಮುಂದೆ ಪೆರಿಯಾರರ ಹೆಂಡತಿ ನಾಗಮ್ಮೈ, ತಂಗಿ ಕಣ್ಣಮ್ಮಾಳ್ ಪಿಕೆಟಿಂಗ್‌ಗೆ ನಿಂತರು. 1937ರ ಅಕ್ಟೋಬರಿನಲ್ಲಿ ರಾಜಾಜಿ ಸೇಲಂನಲ್ಲಿ ಪಾನನಿರೋಧ ಶುರುಮಾಡಿದರು. 1948ರ ಹೊತ್ತಿಗೆ ಅದು ಇಡೀ ಮದರಾಸು ಪ್ರಾಂತ್ಯಕ್ಕೆ ಹಬ್ಬಿತು. 1971ರಲ್ಲಿ ಕರುಣಾನಿಧಿ ನಿರ್ಬಂಧ ತೆಗೆದರು, 1974ರಲ್ಲಿ ಮತ್ತೆ ಹೇರಿದರು, 1981ರಲ್ಲಿ ಎಂಜಿಆರ್ ಸಡಿಲಿಸಿದರು. 1983ರಲ್ಲಿ ಮದ್ಯದ ಸಗಟು ಮಾರಾಟಕ್ಕೆ ಸರ್ಕಾರಿ ನಿಗಮ ಟಾಸ್ಮಾಕ್ ಹುಟ್ಟಿತು; 2003ರಿಂದ ಚಿಲ್ಲರೆ ಮಾರಾಟವೂ ಅದರದ್ದೇ. ಇಷ್ಟು ಸಲ ಕಾನೂನು ಬದಲಾದರೂ ಚರ್ಚೆಯೆಲ್ಲ ಅಂಗಡಿಯ ಬಾಗಿಲು ತೆರೆಯಬೇಕೋ ಮುಚ್ಚಬೇಕೋ ಎಂಬುದರ ಸುತ್ತಲೇ. ಮನೆಯ ಬಾಗಿಲು ಮುಚ್ಚಿದ ಮೇಲೆ ಏನಾಗುತ್ತದೆಂದು ಕೇಳುವ ಇಲಾಖೆ ಇರಲಿಲ್ಲ.

ತೆರೆಯ ಪಾರ್ವತಿಯ ಬದುಕನ್ನೂ ಜನ ದೇವದಾಸನ ಅಳತೆಗೋಲಿನಲ್ಲೇ ಅಳೆದರು. ಆಗಲೇ ಮದುವೆಯಾಗಿದ್ದ ಜೆಮಿನಿ ಗಣೇಶನ್ ಅವರನ್ನು ಸಾವಿತ್ರಿ 1952ರಲ್ಲಿ ಗುಟ್ಟಾಗಿ ವರಿಸಿದರು. ಆ ಸಂಬಂಧ ಮುರಿಯಿತು, ಕುಡಿತ ಅಂಟಿತು. ಆದರೆ ಆದಾಯ ತೆರಿಗೆಯ ಸಂಕಷ್ಟ, 1971ರಲ್ಲಿ ಸ್ವತಃ ನಿರ್ದೇಶಿಸಿದ ‘ಪ್ರಾಪ್ತಂ’ ಚಿತ್ರದ ಸೋಲು, ಸಕ್ಕರೆ ಕಾಯಿಲೆ ಇವೂ ಅದೇ ಕಥೆಯ ಭಾಗ. ಸುಮಾರು 19 ತಿಂಗಳು ಕೋಮಾದಲ್ಲಿದ್ದು 1981ರ ಡಿಸೆಂಬರ್ 26ರಂದು ತೀರಿಕೊಂಡಾಗ ಊರು ಹೇಳಿದ್ದು ಒಂದೇ ಮಾತು: ಪ್ರೀತಿಗಾಗಿ ಹಾಳಾದಳು. ಕುಡಿತ ಚಿಕಿತ್ಸೆ ಬೇಕಾದ ಕಾಯಿಲೆ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ.

ಆ ಮಾತನ್ನು ಅದೇ ಮದರಾಸಿನಲ್ಲಿ ಅದೇ ಹೊತ್ತಿಗೆ ಇನ್ನೊಬ್ಬ ಹೆಣ್ಣುಮಗಳು ಆಡತೊಡಗಿದ್ದರು. ಕುಡಿತದಿಂದ ಗಂಡನನ್ನು ಚಿಕ್ಕ ವಯಸ್ಸಿನಲ್ಲೇ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಗಂಡನ ಹೆಸರಿನಲ್ಲೇ ಟಿ.ಟಿ. ರಂಗನಾಥನ್ ಪ್ರತಿಷ್ಠಾನ ಕಟ್ಟಿದರು. ಕುಡಿಯುವವನ ಜೊತೆಗೆ ಹೆಂಡತಿಯನ್ನೂ ಕೂರಿಸಿ ಮಾತಾಡಿಸುವ, ಅವಳ ಭಯಕ್ಕೂ ಚಿಕಿತ್ಸೆಯಲ್ಲಿ ಜಾಗ ಕೊಡುವ ಕ್ರಮ ಅಲ್ಲಿ ಬೇರೂರಿತು. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಪ್ರೇಮಿಗಳ ನಡುವಿನ ಅಂಟನ್ನು ಮನಶ್ಶಾಸ್ತ್ರ ಕೈಗೆತ್ತಿಕೊಂಡದ್ದು ಇನ್ನೂ ತಡವಾಗಿ. ತಾಯಿಯಿಂದ ಅಗಲಿದ ಮಕ್ಕಳ ಬಗ್ಗೆ ಜಾನ್ ಬೌಲ್ಬಿ ಹೇಳಿದ್ದನ್ನು ಸಿಂಡಿ ಹಜಾನ್, ಫಿಲಿಪ್ ಶೇವರ್ 1987ರಲ್ಲಿ ಪ್ರಣಯಕ್ಕೆ ಅನ್ವಯಿಸಿದರು. ಕೆಲವರು ಸಂಗಾತಿಯ ಜೊತೆ ನಿಶ್ಚಿಂತೆಯಿಂದಿರುತ್ತಾರೆ, ಕೆಲವರು ಹತ್ತಿರ ಬಂದಷ್ಟೂ ದೂರ ಸರಿಯುತ್ತಾರೆ, ಇನ್ನು ಕೆಲವರಿಗೆ ಬಿಟ್ಟುಹೋಗುತ್ತಾರೆಂಬ ದಿಗಿಲು. ಮತ್ತೇರಿದಾಗ ಗಮನ ಕಿರಿದಾಗುತ್ತದೆ ಎಂದು 1990ರಲ್ಲಿ ಕ್ಲಾಡ್ ಸ್ಟೀಲ್, ರಾಬರ್ಟ್ ಜೋಸೆಫ್ಸ್ ವಿವರಿಸಿದರು: ಎದುರಿನ ಸಿಟ್ಟು ಮಾತ್ರ ಕಾಣುತ್ತದೆ, ನಾಳೆ ಕಾಣುವುದಿಲ್ಲ. ದಿಗಿಲಿನವನು ಕುಡಿದಾಗ ಸಣ್ಣ ಜಗಳವೂ ಹೊಡೆತಕ್ಕೆ ತಿರುಗುವುದು ಹೇಗೆಂದು ಇದು ಒಂದಿಷ್ಟು ಬಿಡಿಸಿ ಹೇಳುತ್ತದೆ. ಕುಡಿಯದೆಯೂ ಕೈ ಎತ್ತುವ ಗಂಡಸರಿಗೆ ಆ ವಿವರಣೆ ಸಾಲದು.

ಗಾಯಗೊಂಡವಳ ಕಡೆಯಿಂದ ಬರೆದ ಕಾನೂನು ಬಂದದ್ದು 2005ರಲ್ಲಿ. ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಕೌಟುಂಬಿಕ ಹಿಂಸೆ ತಡೆಯುವ ಈ ಕಾಯ್ದೆ, ತಾಳಿ ಇಲ್ಲದೆ ಮದುವೆಯಂತೆಯೇ ಬಾಳಿದವಳಿಗೂ ರಕ್ಷಣೆ ಕೊಡುತ್ತದೆ. ಆದರೆ ವಿವಾಹಿತನೆಂದು ಗೊತ್ತಿದ್ದೂ ಅವನೊಂದಿಗೆ ಬಾಳಿದ್ದ ಮಹಿಳೆಯೊಬ್ಬರು ಬೆಂಗಳೂರಿನಲ್ಲಿ ಹೂಡಿದ ಪ್ರಕರಣದಲ್ಲಿ, ಅಂಥ ಸಂಬಂಧ ಕಾಯ್ದೆಯ ವ್ಯಾಪ್ತಿಗೆ ಬರದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪಿತ್ತಿತು. ಅಂಥವರ ಗತಿ ಏನೆಂದು ಯೋಚಿಸುವ ಹೊಣೆಯನ್ನು ಸಂಸತ್ತಿಗೆ ಬಿಟ್ಟಿತು.